ಫ್ಯಾನಿನ ಗಾಳಿಯಲ್ಲಿ ದೋಣಿ ಕಲಿತ ಸೂಜಿಯಕ್ಕ

ನನ್ನ ವಾರಗಿತ್ತಿಯ ನಿಜವಾದ ಹೆಸರು ಮನೆಯವರಿಗೇ ಮರೆತುಹೋದಂತಿತ್ತು. ದೋಣಿ ನಿಲ್ಲುವ ದಕ್ಕೆಯಲ್ಲಿ ಎಲ್ಲರಿಗೂ ಅವಳು ಸೂಜಿಯಕ್ಕ. ಹಾಯಿ ಹೊಲಿಯುವುದು ಅವಳ ಕಸುಬು. ಮನೆಯ ಕೆಳಗಿನ ಶೆಡ್ಡಿನಲ್ಲಿ ನೆಲದ ತುಂಬ ದಪ್ಪ ಬಟ್ಟೆ ಹರಡಿಕೊಂಡು, ಅಂಗೈಗೆ ಚರ್ಮದ ಪಟ್ಟಿ ಕಟ್ಟಿಕೊಂಡು, ಬೆರಳುದ್ದದ ಸೂಜಿಯನ್ನು ದೂಡುತ್ತಿದ್ದಳು. ಅವಳು ಹೊಲಿದ ಹಾಯಿಯಲ್ಲಿ ಒಂದು ಸುಕ್ಕು ಕಂಡವರಿಲ್ಲ. ದೋಣಿ ನಡೆಸುವುದು ಮಾತ್ರ ಅವಳ ಗಂಡನ ಕೆಲಸ, ಅಂದರೆ ನನ್ನ ಭಾವನದು. ಹಿನ್ನೀರಿನ ಆಚೆ ದಡಕ್ಕೆ ಜನರನ್ನು ದಾಟಿಸುತ್ತಿದ್ದರು. ನಡುವೆ ಪಾಚಿ ಉದ್ದುದ್ದ ಬೆಳೆದು ಎಂಜಿನ್ನಿಗೆ ಸುತ್ತಿಕೊಳ್ಳುತ್ತಿತ್ತು, ಹಾಗಾಗಿ ಅಲ್ಲಿಗೆ ಹಾಯಿದೋಣಿಯೇ ಆಗಬೇಕು.

ಭಾವನ ಕಣ್ಣು ಮಂಜಾಗುತ್ತ ಬಂತು. ಡಾಕ್ಟರು ನೋಡಿ, ಇದು ಸರಿಹೋಗುವ ಜಾತಿಯದಲ್ಲ ಎಂದರು. ಒಂದು ಬೆಳಗ್ಗೆ ದಕ್ಕೆಯ ಕಟ್ಟೆ ಕಾಣದೆ ದೋಣಿಯ ಮೂತಿಯನ್ನು ಅದರ ಕಲ್ಲಿಗೆ ಗುದ್ದಿಸಿಬಿಟ್ಟರು. ಯಾರಿಗೂ ಏಟಾಗಲಿಲ್ಲ, ಆದರೆ ದಕ್ಕೆಯ ಸಾಹೇಬರು ಮನೆಗೇ ಬಂದರು.

"ಚುಕ್ಕಾಣಿ ಹಿಡಿಯೋರಿಗೆ ಕಣ್ಣು ಕಾಣ್ಬೇಕಪ್ಪ. ಮನೇಲಿ ಬೇರೆ ಯಾರಾದ್ರೂ ಇದ್ರೆ ನನ್ನೆದುರಿಗೆ ಒಬ್ರೇ ಹೋಗಿ ಬಂದು ತೋರಿಸ್ಲಿ. ಇಲ್ಲಾಂದ್ರೆ ಈ ದಾಟಿಸೋ ಕೆಲಸ ಬೇರೆಯವ್ರಿಗೆ ಹೋಗುತ್ತೆ."

ಮನೆಯಲ್ಲಿ ಬೇರೆ ಯಾರಿದ್ದರು? ಅವರಿಗೆ ಮಕ್ಕಳಿಲ್ಲ. ನನ್ನ ಯಜಮಾನರಿಗೋ, ಬಕೆಟ್ಟಿನ ನೀರು ಅಲುಗಿದರೂ ತಲೆ ಸುತ್ತು. ಭಾವ ಗೋಡೆಗೆ ಮುಖ ಮಾಡಿ ಕುಳಿತವರು ಊಟಕ್ಕೂ ಏಳಲಿಲ್ಲ. ನೀರಿನ ಮೇಲೇ ಬೆಳೆದ ಮನುಷ್ಯ. ದೋಣಿ ಹೋದರೆ ಈತ ಉಳಿಯುವುದಿಲ್ಲ ಅಂತ ನಮಗೆಲ್ಲ ಒಳಗೊಳಗೇ ಗೊತ್ತಿತ್ತು.

ಸೂಜಿಯಕ್ಕ ಅಂಗೈಯ ಚರ್ಮದ ಪಟ್ಟಿ ಬಿಚ್ಚಿಟ್ಟಳು. "ನಾನು ಕಲೀತೀನಿ."

"ಕೋಟು ಹೊಲಿದ ಟೈಲರ್ರು ಮದುಮಗ ಆಗ್ತಾನೇನೇ?" ಅಂದರು ಭಾವ.

"ನಿಮ್ಮಂಥ ಮದುಮಗನ್ನ ಕಟ್ಕೊಂಡು ಇಷ್ಟು ವರ್ಷ ಬಾಳಿದೀನಿ. ಅದಕ್ಕಿಂತ ಕಷ್ಟಾನಾ ಅದು?"

ಪಾಠ ಶುರುವಾದದ್ದು ನಮ್ಮ ಮೇಲಿನ ಕೋಣೆಯಲ್ಲಿ. ಕುರ್ಚಿಯನ್ನು ಅಡ್ಡ ಮಲಗಿಸಿದರೆ ಅದೇ ದೋಣಿ. ಪೊರಕೆಯ ಕೋಲು ಹಾಯಿಗಂಬ. ಅದರ ಬುಡಕ್ಕೆ ಅಡ್ಡಲಾಗಿ ಕಟ್ಟಿದ ಅಳತೆಕೋಲು ಹಾಯಿಯ ಕೆಳಗಂಚು ಹಿಡಿಯುವ ಗಳ, ಅದಕ್ಕೆ ಅಡ್ಡಗಳ ಅಂತ ಹೆಸರು; ಅದರ ತುದಿಗೆ ಒಂದು ಹಗ್ಗ, ದಿಂಬಿನ ಚೀಲವೇ ಹಾಯಿ. ಮೇಜಿನ ಫ್ಯಾನು ಗಾಳಿ. ಕುರ್ಚಿ ತಿರುಗಿಸುವ ಕೆಲಸ ನನ್ನದು.

"ಮೊದಲು ಗಾಳಿ ಎಲ್ಲಿಂದ ಅಂತ ಕತ್ತಿಗೆ ಗೊತ್ತಾಗ್ಬೇಕು, ಕಣ್ಣಿಗಲ್ಲ," ಅನ್ನುತ್ತಿದ್ದರು ಭಾವ. ದೋಣಿಯ ಮೂತಿ ನೇರ ಫ್ಯಾನಿಗೆ ಹಿಡಿದರೆ ದಿಂಬಿನ ಚೀಲ ಪಟಪಟ ಹೊಡೆದುಕೊಳ್ಳುತ್ತಿತ್ತು. ಅದು ಸತ್ತ ದಿಕ್ಕು, ದೋಣಿ ಅಲ್ಲೇ ನಿಂತುಬಿಡುತ್ತದೆ. ಮೂತಿಯನ್ನು ಸ್ವಲ್ಪ ಓರೆ ಮಾಡಿ ಹಗ್ಗ ಎಳೆದರೆ ಚೀಲ ಉಬ್ಬುತ್ತಿತ್ತು. ಎದುರುಗಾಳಿಗೆ ಹೋಗಬೇಕಾದರೆ ಹೀಗೇ ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ಓರೆಯಾಗಿ ಹತ್ತುತ್ತ ಹೋಗಬೇಕು. ಗಾಳಿಯ ಕಡೆಗೆ ಮೂತಿ ತಿರುಗಿಸಿ ಬದಿ ಬದಲಿಸುವುದು ಒಂದು ಬಗೆ. ಗಾಳಿಗೆ ಬೆನ್ನು ಕೊಟ್ಟು ಬಾಲ ತಿರುಗಿಸುವುದು ಇನ್ನೊಂದು. ಎರಡನೆಯದರಲ್ಲಿ ಅಡ್ಡಗಳ ರೊಯ್ಯನೆ ಬಂದು ತಲೆ ಒಡೆಯಬಹುದು.

"ಚುಕ್ಕಾಣಿಯ ಹಿಡಿಯನ್ನ ಎಡಕ್ಕೆ ದೂಡಿದ್ರೆ ಮೂತಿ ಬಲಕ್ಕೆ ಹೋಗುತ್ತೆ."

"ಹೇಳಿದ್ದಕ್ಕೆ ಉಲ್ಟಾನಾ?" ಅಂದಳು ಅಕ್ಕ. "ಸರಿ ಬಿಡಿ, ಅಭ್ಯಾಸ ಇದೆ ನಂಗೆ."

ನಾನು ಫ್ಯಾನು ಕತ್ತು ತಿರುಗಿಸುವಂತೆ ಮಾಡಿದೆ, ತಮಾಷೆಗೆ. ಭಾವ ನಗಲಿಲ್ಲ. "ನಿಜವಾದ ಗಾಳೀನೂ ಹಾಗೇ ಮಾಡುತ್ತೆ ಕಣಮ್ಮ. ಬಿಡು, ತಿರುಗ್ಲಿ. ಕಲೀಲಿ ಅವಳು."

ನೀರಿಗಿಳಿದಾಗ ತೊಂದರೆ ಬಂದದ್ದು ಅವಳ ಕಸುಬಿನಿಂದಲೇ. ಹೊಲಿಯುವವಳಿಗೆ ಹಾಯಿ ಪಟಪಟ ಹೊಡೆದುಕೊಂಡರೆ ಕರುಳು ಚುರ್ರ್ ಅನ್ನುತ್ತದೆ. ಹೊಲಿಗೆ ಬಿಡುವುದು ಹಾಗೆಯೇ ತಾನೆ? ಅಂಚು ಸ್ವಲ್ಪ ನಡುಗಿದರೂ ಅಕ್ಕ ಹಗ್ಗ ಬಿಗಿಯುತ್ತಿದ್ದಳು. ಸುಕ್ಕು ಕಂಡರೆ ಇನ್ನಷ್ಟು ಬಿಗಿಯುತ್ತಿದ್ದಳು. ನಾನೂ ಜೊತೆಗಿದ್ದ ದಿನ ಜೋರಾದ ಒಂದು ಗಾಳಿ ಬಂದು ಬಡಿದದ್ದೇ ದೋಣಿ ಒಂದು ಪಕ್ಕಕ್ಕೆ ಮಗುಚುವಷ್ಟು ವಾಲಿತು. ಅಂಚಿನ ಮೇಲಿಂದ ನೀರು ಒಳಗೆ ನುಗ್ಗಿ ನನ್ನ ಮೊಣಕಾಲು ಮುಳುಗಿತು.

"ಹಗ್ಗ ಬಿಡೇ!" ಭಾವ ಕೂಗಿದರು.

"ಹೊಲಿಗೆ ಹೋಗುತ್ತೆ!"

"ನಾವೇ ಹೋಗ್ತೀವಿ ಕಣೇ, ಬಿಡು!"

ಅವಳ ಕೈ ಬಿಡಲಿಲ್ಲ. ಭಾವನೇ ತಡಕಾಡಿ ಹಗ್ಗ ಕಿತ್ತುಕೊಂಡು ಸಡಿಲಿಸಿದರು. ಕೂಡಲೇ ದೋಣಿ ನೆಟ್ಟಗಾಯಿತು. ದಡಕ್ಕೆ ಬಂದು ನೀರು ಎತ್ತಿ ಹಾಕುತ್ತ ಭಾವ ಮೆಲ್ಲಗೆ ಅಂದರು, "ಶೆಡ್ಡಲ್ಲಿರೋವಾಗ ಅದು ನಿನ್ನ ಹಾಯಿ. ಇಲ್ಲಿ ಅರ್ಧ ಗಾಳೀದು."

ಸಾಹೇಬರೆದುರು ತೋರಿಸುವ ದಿನ ಗಾಳಿ ಆಚೆ ದಡದಿಂದ ನಮ್ಮ ಕಡೆಗೆ ಬೀಸುತ್ತಿತ್ತು. ಹೋಗುವಾಗ ಪೂರಾ ಎದುರುಗಾಳಿ. ಅಕ್ಕ ಒಬ್ಬಳೇ ಹತ್ತಿದಳು. ಕಟ್ಟೆಯ ತುದಿಯಲ್ಲಿ ಭಾವ ನನ್ನ ಮೊಣಕೈ ಹಿಡಿದು ನಿಂತರು. ಅಂದು ಅವರ ಕಣ್ಣು ನಾನೇ.

"ಹೇಳು."

"ಓರೆಯಾಗಿ ಹೊರಟಳು ಭಾವ. ಹಾಯಿ ಬಲಬದಿಗಿದೆ."

"ಅಂಚು ನಡುಗ್ತಿದ್ಯಾ?"

"ಒಂಚೂರು."

"ಇರ್ಲಿ, ಇರ್ಲಿ."

ಮೂತಿ ತಿರುಗಿತು. ಅಡ್ಡಗಳ ಈಚೆ ಬಂತು, ಅವಳು ತಲೆ ಬಗ್ಗಿಸಿ ಆಚೆ ಕುಳಿತಳು. ಕುರ್ಚಿ ತಿರುಗಿಸುತ್ತ ಬಾಯಿಪಾಠ ಮಾಡಿದ ಮಾತುಗಳನ್ನೆಲ್ಲ ಆ ನೀರಿನ ಮೇಲೆ ಯಾರೋ ಬರೆದು ತೋರಿಸುತ್ತಿದ್ದ ಹಾಗಿತ್ತು.

ಆಗ ದೂರದಲ್ಲಿ ನೀರು ಕಪ್ಪಾದದ್ದು ಕಂಡೆ. ಜೋರು ಗಾಳಿ ಮುಟ್ಟಿದ ನೀರು ಹಾಗೇ ಕಾಣುತ್ತದೆ: ನೆರಳಿನಂಥ ಒಂದು ಪಟ್ಟೆ, ಅವಳ ಕಡೆಗೇ ಓಡಿ ಬರುತ್ತಿತ್ತು.

"ನೀರು ಕಪ್ಪಾಗ್ತಿದೆ ಭಾವ."

ಅವರ ಬೆರಳು ನನ್ನ ಕೈಗೆ ನೆಟ್ಟಿತು. ಕೂಗಿದರೂ ಅಲ್ಲಿಗೆ ಮುಟ್ಟುವುದಿಲ್ಲ ಅಂತ ಅವರಿಗೆ ಗೊತ್ತಿತ್ತು. ದೋಣಿ ವಾಲಿತು, ಇನ್ನೂ ವಾಲಿತು. ನಾನು ಹೇಳುವುದನ್ನೇ ಮರೆತೆ. ಆಮೇಲೆ ನೀರಿನ ಮೇಲಿಂದ ಒಂದು ಸದ್ದು ಬಂತು: ಚಟಾರ್, ಪಟಪಟಪಟ. ಹಾಯಿ ಬಿಡಿಸಿಕೊಂಡ ಹಕ್ಕಿಯ ಹಾಗೆ ಹೊಡೆದುಕೊಳ್ಳುತ್ತಿತ್ತು. ದೋಣಿ ನೆಟ್ಟಗೆ ಎದ್ದು ನಿಂತಿತು.

"ಬಿಟ್ಳು," ಅಂದರು ಭಾವ. ಅಷ್ಟೇ. ಹಗ್ಗ ಕಟ್ಟುವ ಕಲ್ಲಿನ ಮೇಲೆ ಕುಳಿತುಬಿಟ್ಟರು.

ಅವಳು ಆಚೆ ದಡ ಮುಟ್ಟಿ, ಹಾಯಿ ಪೂರ್ತಿ ಹರಡಿಕೊಂಡು ಬೆನ್ನುಗಾಳಿಯಲ್ಲಿ ಹಿಂದಿರುಗಿದಳು. ಈಗ ಉಳಿದದ್ದು ನಿಲ್ಲಿಸುವುದು. ದೋಣಿಗೆ ಬ್ರೇಕಿಲ್ಲ. ಕಟ್ಟೆಯ ಪಕ್ಕದಲ್ಲೇ ದಾಟಿ ಬಂದು, ಗಿರ್ರನೆ ಗಾಳಿಗೆ ಮೂತಿ ಕೊಟ್ಟು ನಿಲ್ಲಬೇಕು. ಬೇಗ ತಿರುಗಿದರೆ ಕಟ್ಟೆ ದೂರ, ತಡವಾದರೆ ಕಟ್ಟೆಯಾಚೆಯ ಕೆಸರು. ಸಾಹೇಬರು ಗಡಿಯಾರ, ಸಿಗರೇಟು ಎಲ್ಲ ಮರೆತು ಅಂಚಿಗೆ ಬಂದು ನಿಂತಿದ್ದರು.

ಅವಳು ನಮ್ಮನ್ನು ದಾಟಿ ಹೋದಳು. ಹೋಯಿತು, ಕೆಸರಿಗೆ ಸಿಕ್ಕಳು ಅಂದುಕೊಂಡೆ. ಅಷ್ಟರಲ್ಲಿ ಹಿಡಿ ದೂಡಿದಳು. ಅಷ್ಟು ದೊಡ್ಡ ಹಾಯಿ, ಅಷ್ಟು ರಭಸ, ಎಲ್ಲ ಒಂದೇ ಸಲ ಸುಮ್ಮನಾಯಿತು. ದೋಣಿ ಮೆಲ್ಲಗೆ ತೇಲಿ ಬಂದು ಕಟ್ಟೆಯ ಮಗ್ಗುಲಿಗೆ ನಿಂತಿತು. ನಡುವೆ ಒಂದು ಗೇಣು ನೀರು.

"ಎಲ್ಲಿದಾಳೆ?" ಭಾವ ಕೇಳಿದರು.

"ಇಲ್ಲೇ ಇದೀನ್ರೀ," ಅಂದಳು ಅಕ್ಕ, ಅವರ ಕಾಲ ಬುಡದಿಂದ.

ಹಗ್ಗ ಎಸೆದಳು. ಭಾವ ತಡಕಿ ಎತ್ತಿ ಕಲ್ಲಿಗೆ ಬಿಗಿದರು. ಸಾಹೇಬರು, "ನಾಳೆಯಿಂದ ಜನ ಹತ್ತಿಸ್ಕೊಳ್ಳಮ್ಮ," ಅಂದರು. "ನಿಮ್ಮ ಯಜಮಾನ್ರು ಜೊತೇಲಿ ಕೂತ್ರೆ ನನ್ನದೇನೂ ತಕರಾರಿಲ್ಲ."

ಮರುದಿನ ಮೊದಲ ಸುತ್ತಿಗೆ ನಾನೂ ಹತ್ತಿದೆ. ಭಾವ ಮೂತಿಯ ಹತ್ತಿರ, ಗಾಳಿಗೆ ಮುಖ ಕೊಟ್ಟು ಕುಳಿತಿದ್ದರು. ಆಸ್ಪತ್ರೆಯ ನರ್ಸಮ್ಮ ಹತ್ತಿದವರೇ ಹುಬ್ಬೇರಿಸಿದರು. "ಯಾರು ಇವತ್ತು ನಡೆಸೋದು?"

"ನಮ್ಮನೆಯವಳು," ಅಂದರು ಭಾವ. "ಗಟ್ಟಿಯಾಗಿ ಮಾತಾಡ್ಬೇಡಿ, ಅವಳಿಗೆ ಗಾಳಿ ಕೇಳಿಸ್ಬೇಕು."

ನರ್ಸಮ್ಮ ಚೀಲ ತೊಡೆಯ ಮೇಲಿಟ್ಟುಕೊಂಡು ಕುಳಿತರು. ಗಾಳಿ ಆಚೆ ದಡದಿಂದ ನಮ್ಮ ಮುಖಕ್ಕೇ ಬಡಿಯುತ್ತಿತ್ತು, ಕಣ್ಣಲ್ಲಿ ನೀರು ಬರುವಷ್ಟು. ಆದರೂ ದೋಣಿ ಬಲಕ್ಕೊಮ್ಮೆ ಎಡಕ್ಕೊಮ್ಮೆ ಓರೆಯಾದಂತೆಲ್ಲ ಅಲ್ಲಿನ ಮರಗಳು ದೊಡ್ಡವಾಗುತ್ತಲೇ ಇದ್ದವು.