ಚಿಕ್ಕಪ್ಪನ ಜೇಬಿನ ಕಾರ್ಡು

ಲಾಡ್ಜಿನ ಕೌಂಟರಿನಲ್ಲೇ ಚಿಕ್ಕಪ್ಪನ ತಲೆ ನರೆಯಿತು. ಬಂದ ವಿದೇಶಿಯರಿಗೆಲ್ಲ ಅವನು ಬೀಗದಕೈ ಜೊತೆ ಲಾಡ್ಜಿನ ವಿಳಾಸದ ಕಾರ್ಡು ಕೊಡುತ್ತಿದ್ದ. ಅವರು ಸುತ್ತಾಡಲು ಹೊರಟರೆ ಬಾಗಿಲಲ್ಲೇ ತಡೆದು, ಕಾರ್ಡು ಜೇಬಿನಲ್ಲಿದೆಯೇ ಎಂದು ತಟ್ಟಿ ನೋಡುತ್ತಿದ್ದ. "ಭಾಷೆ ಬರದ ಊರಲ್ಲಿ ಬಾಯಿಗಿಂತ ಇದೇ ಜಾಸ್ತಿ ಮಾತಾಡುತ್ತೆ" ಎನ್ನುತ್ತಿದ್ದ.

ನಿವೃತ್ತಿಯಾದ ಮೇಲೆ ಚಿಕ್ಕಮ್ಮನನ್ನು ಕರೆದುಕೊಂಡು ಮೊದಲ ಸಲ ತಾನೇ ವಿದೇಶಕ್ಕೆ ಹೊರಟ. ಮನೆ ಬಿಡುವಾಗ ಮರೆಯದೆ ಜೇಬಿಗೊಂದು ಕಾರ್ಡು ಹಾಕಿಕೊಂಡ.

ಅಲ್ಲಿನ ಪೇಟೆಬೀದಿಯಲ್ಲಿ ಇಬ್ಬರೂ ದಾರಿ ತಪ್ಪಿದರು. ಚಿಕ್ಕಮ್ಮ ಕಂಗಾಲಾದಳು. "ನಾನಿದೀನಲ್ಲ, ಯಾಕೆ ಹೆದರ್ತೀಯ?" ಎಂದು ಚಿಕ್ಕಪ್ಪ ಗತ್ತಿನಿಂದ ಕಾರ್ಡು ತೆಗೆದು ಟ್ಯಾಕ್ಸಿಯವನ ಕೈಗಿಟ್ಟ. ಅವನು ಅದನ್ನು ಹಿಂದೆ ಮುಂದೆ ತಿರುಗಿಸಿ ಓದಿದ. ಆಮೇಲೆ ಆಕಾಶ ತೋರಿಸಿ, ವಿಮಾನದ ರೆಕ್ಕೆಯಂತೆ ಎರಡೂ ಕೈ ಚಾಚಿದ.

ಚಿಕ್ಕಮ್ಮ ಇಣುಕಿ ನೋಡಿದಳು.

"ರೀ, ಇದು ನಿಮ್ಮ ಲಾಡ್ಜಿಂದು ಕಣ್ರೀ!"