ಭಕಾರದ ಹಾಳೆ

ನಮ್ಮ ದೊಡ್ಡಮ್ಮ ಪುಸ್ತಕ ಕಟ್ಟುವ ಕಾರ್ಖಾನೆಯಲ್ಲಿ ಹಾಳೆ ಮಡಚುತ್ತಾರೆ. ಹದಿನಾರು ಪುಟ ಅಚ್ಚಾದ ದೊಡ್ಡ ಹಾಳೆಗೆ ಅಲ್ಲಿ ಫಾರಂ ಎನ್ನುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಫಾರಂ. ಆ ಪುಸ್ತಕ ಮುಗಿಯುವವರೆಗೂ ಅದೇ. ಎಲ್ಲರೂ ಮೇಲಿನ ಪುಟದ ಅಂಕಿ ನೋಡಿ ಮಡಚಿದರೆ, ದೊಡ್ಡಮ್ಮ ಒಳಗೂ ಇಣುಕಿ ಓದುತ್ತಾರೆ. ಹಾಗಾಗಿ ಅವರಿಗೆ ಎಷ್ಟೋ ಕಾದಂಬರಿಗಳ ಮದುವೆ ಗೊತ್ತು. ಯಾರ ಮದುವೆ ಎಂದು ಗೊತ್ತಿಲ್ಲ.

ಆ ದಿನ ನಿಘಂಟಿನ ಭಕಾರದ ಫಾರಂ ಬಂದಿತ್ತು.

"ಪಂಡಿತಮ್ಮಾ, ಓದೋಕೆ ಬಂದಿದೀರಾ, ಮಡಚೋಕೆ ಬಂದಿದೀರಾ?" ಎಂದ ಮೇಸ್ತ್ರಿ. "ಐದು ಗಂಟೆಗೆ ಸಾವಿರ ಆಗ್ಬೇಕು. ಇಲ್ಲಾಂದ್ರೆ ನಾಳೆಯಿಂದ ಮನೇಲೇ ಓದ್ಕೊಳ್ಳಿ."

ಅದು ತಮಾಷೆಯಲ್ಲ. ಹೋದ ವಾರವೇ ಇಬ್ಬರನ್ನು ಕಳಿಸಿದ್ದ. ದೊಡ್ಡಮ್ಮನ ಕೈ ಚುರುಕಾಯಿತು. ಆದರೆ ಕಣ್ಣು ಕೇಳಬೇಕಲ್ಲ! 596ನೆಯ ಪುಟದ ಕೊನೆಯಲ್ಲಿ ಹೀಗಿತ್ತು: 'ಭಕ್ತಿ: ಆಳವಾದ ಪೂಜ್ಯಭಾವ. ಮೂಲ ಭಜ್ ಎಂಬ ಧಾತು. ಅದರ ಮೊದಲ ಅರ್ಥ'. ಎದುರಿನ ಪುಟ ನೋಡಿದರೆ ಭೂಕಂಪ! ಅಂಕಿ 605.

ಇನ್ನೊಂದು ಹಾಳೆ ತೆಗೆದರು. ಅಲ್ಲೂ ಭೂಕಂಪ. ಬಾಯಿಬಿಟ್ಟರೆ ಕೆಲಸ ನಿಲ್ಲುತ್ತದೆ, ಸಾವಿರ ಆಗುವುದಿಲ್ಲ. ಗಡಿಯಾರದಲ್ಲಿ ಎರಡೂವರೆ. ದೊಡ್ಡಮ್ಮ ಎದ್ದು ನಿಂತರು.

"ಮೇಸ್ತ್ರಿ, ಬನ್ನಿ ಇಲ್ಲಿ! ಭಕ್ತಿಯಿಂದ ನೇರ ಭೂಕಂಪಕ್ಕೆ ಹಾರಿದೆ!"

"ಭಕ್ತಿ ಅತಿಯಾದ್ರೆ ಭೂಮಿ ನಡುಗ್ದೇ ಇರತ್ತಾ?" ಎಂದಳು ಪಕ್ಕದವಳು. ಮೇಜಿನ ಸುತ್ತ ನಗುವೋ ನಗು.

ಮೇಸ್ತ್ರಿ ಉರಿದುಕೊಂಡೇ ಬಂದ. ಹಾಳೆ ತಿರುವಿದ, ಮತ್ತೆ ತಿರುವಿದ. ಮುಖ ಬಿಳಿಚಿತು. ಅಚ್ಚಿನ ಮನೆಯಲ್ಲಿ ಎರಡು ಪುಟ ಅದಲುಬದಲಾಗಿದ್ದವು. ಅಲ್ಲಿ ಯಂತ್ರ ಇನ್ನೂ ಓಡುತ್ತಿತ್ತು.

"ಫೋನ್ ಮಾಡ್ರೋ! ನಿಲ್ಸೋಕೆ ಹೇಳಿ!"

ಗದ್ದಲದ ನಡುವೆಯೇ ದೊಡ್ಡಮ್ಮ 605ರ ಜಾಗದಲ್ಲಿ ಅಡಗಿದ್ದ 597ನ್ನು ಹುಡುಕಿ, ಬೆರಳಿಟ್ಟು ಗಟ್ಟಿಯಾಗಿ ಓದಿದರು: "'ಹಂಚು, ಪಾಲುಗೊಳ್ಳು. ಭಾಗ, ಅವಿಭಕ್ತ ಎಂಬ ಪದಗಳೂ ಇದೇ ಧಾತುವಿನಿಂದ ಬಂದವು.' ಅಯ್ಯಯ್ಯೋ, ಕೇಳಿದ್ರೇನ್ರೇ? ಭಕ್ತಿ ಅಂದ್ರೆ ಕೈಮುಗಿದು ದೂರ ನಿಲ್ಲೋದು ಅಂದ್ಕೊಂಡಿದ್ದೆ. ಒಳಗೆ ಹೋಗಿ ಪಾಲು ತಗೊಳ್ಳೋದಂತೆ!"

ಆಮೇಲೆ ನೆನಪಾಗಿ ದನಿ ತಗ್ಗಿಸಿದರು. "ಮೇಸ್ತ್ರಿ, ಸಾವಿರ ಆಗ್ಲಿಲ್ಲ. ನಾಳೆ ಬರ್ಲಾ?"

"ಬರ್ದೇ ಇದ್ರೆ ಮನೆಗೇ ಬಂದು ಕರ್ಕೊಂಡು ಬರ್ತೀನಿ. ಎಲ್ಲಾ ಫಾರಂದೂ ಮೊದಲ್ನೇ ಹಾಳೆ ಇನ್ಮೇಲೆ ನಿಮ್ಮ ಹತ್ರ. ನಿಧಾನಕ್ಕೇ ಓದಿ, ತಾಯಿ."

ಆ ಸಂಜೆ ದೊಡ್ಡಮ್ಮ ಚಪ್ಪಲಿಯನ್ನೂ ಬಿಡದೆ ಹೊಸ್ತಿಲಲ್ಲೇ ನಿಂತು ಇಷ್ಟನ್ನೂ ಹೇಳಿದರು. "ನಾಳೆ ಅಕಾರದಿಂದ ಶುರು ಕಣೇ!" ಎಂದು ಅಮ್ಮನ ಭುಜ ಹಿಡಿದು ಅಲುಗಿಸಿದರು.