ಹಣ್ಣು ಬಿಡದಿರಲೆಂದು ಹೊತ್ತ ಹರಕೆ

ಮೊನ್ನೆ ಟ್ರಂಕು ಕೆದಕುವಾಗ ನನ್ನದೊಂದು ಹಳೆಯ ಬಿಳಿ ಅಂಗಿ ಸಿಕ್ಕಿತು. ಎದೆಯ ಎಡಕ್ಕೆ ಅಂಗೈಯಗಲದ ಕಲೆ. ಒಂದು ಕಾಲಕ್ಕೆ ಕೆಂಪಗಿತ್ತು, ಈಗ ಕಂದು. ಎಂಟು ವರ್ಷದ ಹಿಂದೆ ಅವ್ವ ಅದಕ್ಕೆ ಸೋಡಾ ಹಾಕಿ ತಿಕ್ಕಿದ್ದಳು, ನಿಂಬೆಹಣ್ಣು ಹಚ್ಚಿದ್ದಳು, ಕೊನೆಗೆ ಅಂಗಿ ಬಿಟ್ಟು ನನ್ನನ್ನು ತಿಕ್ಕಿದ್ದಳು. ಭಿರಂಡದ ಕಲೆ ಹೋಗುವುದಿಲ್ಲ. ಊರೆಲ್ಲ ಕೋಕಂ ಅನ್ನುವ, ಸಿಪ್ಪೆ ಒಣಗಿಸಿ ಸಾರಿಗೆ ಹಾಕುವ ಹುಳಿಹಣ್ಣಿಗೆ ಗೋವಾದಲ್ಲಿ ಭಿರಂಡ ಅನ್ನುತ್ತಾರೆ. ಅಂಗಿಯನ್ನು ಮೂಗಿಗೆ ಹಿಡಿದೆ. ಡಾಂಬರು ಗುಳಿಗೆಯ ವಾಸನೆಯಷ್ಟೇ ಇತ್ತು... ಆದರೂ ಕಾಕಾ ನೆನಪಾದ.

ಕಾಕಾ ಅಂದರೆ ಅಪ್ಪನ ತಮ್ಮನಲ್ಲ. ಸಾವರ್ಡೆಯ ಚಾಳಿನಲ್ಲಿ ನಮ್ಮ ಪಕ್ಕದ ಖೋಲಿಯವನು. ವಿಜಾಪುರದ ಆಚೆಯಿಂದ ಬಂದಿದ್ದ. ಅವನ ಊರಿನಲ್ಲಿ ಮರ ಅಂದರೆ ಬೇವು, ಜಾಲಿ, ಮುಗಿಯಿತು. ಇಲ್ಲಿಗೆ ಬಂದು ಮರ ಕಡಿಯುವ ಕೆಲಸ ಹಿಡಿದ. ಕೊಡಲಿ ಹೊತ್ತೂ ಹೊತ್ತೂ ಬಲಹೆಗಲು ಇಳಿದು, ಗಾಳಿಗೆ ವಾಲಿದ ಕಂಬದ ಹಾಗೆ ನಡೆಯುತ್ತಿದ್ದ. ಆ ನಡಿಗೆ ನಾನು ಮೂರು ದಿನಕ್ಕೆ ಕಲಿತೆ. ಆಗ ಹತ್ತನೇ ತರಗತಿಗೆ ಮೂರನೇ ಸಲ ಕಟ್ಟಿದ್ದೆ. ಪಾಠ ತಲೆಗೆ ಹತ್ತುತ್ತಿರಲಿಲ್ಲ, ಪಾಠ ಹೇಳುವವರ ದನಿ ಮಾತ್ರ ಒಮ್ಮೆಗೇ ಹತ್ತುತ್ತಿತ್ತು.

ಚಾಳಿನ ಮಾಲಕಿಯನ್ನು ಎಲ್ಲರೂ ಬಾಯಿ ಅನ್ನುತ್ತಿದ್ದೆವು. ಕೊಂಕಣಿಯವಳು, ಆದರೆ ನಮ್ಮಂಥವರಿಗೆ ಖೋಲಿ ಬಾಡಿಗೆ ಕೊಟ್ಟು ಕೊಟ್ಟು ನಮಗಿಂತ ಖಾರವಾದ ಕನ್ನಡ ಕಲಿತಿದ್ದಳು. ಅವಳ ಹಿತ್ತಲಲ್ಲಿ ಆರು ಭಿರಂಡದ ಮರಗಳಿದ್ದವು. ಅದಿರಿನ ಲಾರಿಗಳು ಹಗಲಿಡೀ ಓಡುತ್ತಿದ್ದ ಕಾಲ ಅದು. ಬಾಯಿ ಕಾಣಕೋಣದ ಮಗಳ ಮನೆಗೆ ಹೋಗಿದ್ದಾಗ, ಲಾರಿ ಕೊಂಡ ಅವಳ ಮಗ ಅದನ್ನು ನಿಲ್ಲಿಸಲು ಹಿತ್ತಲಲ್ಲಿ ಜಾಗ ಬೇಕೆಂದ. ಒಂದು ಮರ ತೆಗಿ, ಯಾವುದಾದರೂ ಸರಿ ಅಂತ ಕಾಕಾನಿಗೆ ಹೇಳಿದ.

ಯಾವುದಾದರೂ ಅಂದರೆ ಕಾಕಾ ಕೇಳುವವನಲ್ಲ. ಅರ್ಧ ದಿನ ಮರಗಳ ಕೆಳಗೆ ಓಡಾಡಿದ. ಐದರಲ್ಲಿ ಕಾಯಿ ಹಿಡಿದಿತ್ತು, ಒಂದರಲ್ಲಿ ಒಂದೂ ಇಲ್ಲ. ಬಡವರ ಮನೆ ಮುರಿಯದೆ ಕೆಲಸ ಮುಗಿಸಿದವನ ನೆಮ್ಮದಿಯಲ್ಲಿ ಆ ಬರಡನ್ನು ಉರುಳಿಸಿದ. ಸಂಜೆ ಅವ್ವನ ಮುಂದೆ ಬೀಗಿದ್ದೇ ಬೀಗಿದ್ದು: "ಹಣ್ಣ ಬಿಡೂ ಗಿಡಕ್ಕ ನಾ ಕೈ ಹಚ್ಚಿಲ್ಲ ನೋಡವಾ."

ಬಾಯಿ ಬಂದಳು. ಬೊಡ್ಡೆ ನೋಡಿದಳು. ಕಾಕಾನನ್ನು ಕೂಗಿ ಕರೆಸಿದಳು.

"ಲೇ ಘಾಟ್ಯಾ," ಅಂದಳು, ಘಟ್ಟದಾಚೆಯವರನ್ನು ಇಲ್ಲಿಯವರು ಹೀಗಳೆಯುವ ಹಾಗೆ, "ಭಿರಂಡದಾಗ ಗಂಡು ಬ್ಯಾರೆ, ಹೆಣ್ಣು ಬ್ಯಾರೆ. ಗಂಡು ಹಣ್ಣ ಬಿಡೂದಿಲ್ಲೋ. ಅದರ ಹೂವಿನಿಂದ ಇವು ಕಾಯಿ ಹಿಡಿತಾವು. ಐದು ಹೆಂಡಿರ ಗಂಡನ್ನ ಕಡದಿ ನೀ."

"ಗಿಡದಾಗೂ ಗಂಡ ಇರ್ತಾನಂತ ನನಗೇನ ಗೊತ್ತರಿ ಬಾಯಾರ?"

"ಹಣ್ಣಿಲ್ಲಂದ್ರ ಕಡಿಯೂದ? ಹಂಗಾದ್ರ ನೀ ಏನ ಹಣ್ಣ ಬಿಟ್ಟಿ?"

ಅವತ್ತು ನಾನು ನಕ್ಕು ನಕ್ಕು ಕೊಡದ ಮೇಲೆ ಬಿದ್ದೆ. ಮರುವರ್ಷ ಐದೂ ಮರಗಳಲ್ಲಿ ಬುಟ್ಟಿ ತುಂಬುವಷ್ಟು ಕಾಯಿಯೂ ಬರಲಿಲ್ಲ. ಕಾಕಾ ಹಿತ್ತಲ ದಾರಿ ಬಿಟ್ಟು ಸುತ್ತುಬಳಸಿ ಕೆಲಸಕ್ಕೆ ಹೋಗತೊಡಗಿದ.

ಭಿರಂಡದ ಹಬ್ಬ ಶುರುವಾದದ್ದು ಆ ಸಿಟ್ಟಿನಿಂದಲೇ ಅನ್ನಬೇಕು. ವಾಡೆಯಲ್ಲಿ, ಅಂದರೆ ನಮ್ಮ ಕೇರಿಯಲ್ಲಿ, ಎಷ್ಟು ಮರ ಉಳಿದಿವೆ ಎಂದು ನೋಡಲು ಬಾಯಿ ಹೊರಟಳು. ಗಣಿಯ ದಾರಿಗೆ ಹೋದವು, ಹೊಸ ಮನೆಗೆ ಹೋದವು, ಸುಮ್ಮನೆ ಹೋದವು... ನಾಲ್ಕು ಹೆಂಗಸರನ್ನು ಕಟ್ಟಿಕೊಂಡು, ಮಳೆಗಾಲಕ್ಕೆ ಮೊದಲು ಹಣ್ಣು ಕೆಂಪಾಗುವ ವಾರ, ಶಾಲೆಯ ಅಂಗಳದಲ್ಲಿ ಹಬ್ಬ ಇಟ್ಟಳು. ಎಲ್ಲರೂ ಸಾಲಾಗಿ ಕೂತು ಹಣ್ಣು ಸೀಳುವುದು, ಶರಬತ್ತು ಕುಡಿಯುವುದು, ಒಡೆದ ಹಿಮ್ಮಡಿಗೆ ಹಚ್ಚುವ ಭಿರಂಡದ ಎಣ್ಣೆಯ ಉಂಡೆ ಒಯ್ಯುವುದು, ಮನೆಗೊಂದು ಸಸಿ. ಮಧ್ಯದಲ್ಲಿ ಶಾಲೆಯ ಹಾಜರಿಯಂತೆ ಮರಗಳ ಹಾಜರಿ. ಯಾರ ಮನೆಯಲ್ಲಿ ಎಷ್ಟು ನಿಂತಿವೆ ಎಂದು ಮೈಕಿನಲ್ಲಿ ಕೂಗಬೇಕು. ಒಂದು ಕಡಿಮೆಯಾದರೆ ಆ ಮನೆಯವರು ಎದ್ದು ನಿಂತು ಕಾರಣ ಹೇಳಬೇಕು. ಮೈಕು ಯಾರಿಗೆ? ವಾಡೆಯ ಬಾಯಿಬಡುಕನಿಗೆ. ಅದಕ್ಕೇ ಆ ಬಿಳಿ ಅಂಗಿ.

ಮೊದಲ ಹಬ್ಬದಲ್ಲೇ ಬಾಯಿಯ ಮನೆಯ ಸರದಿ ಬಂದಾಗ ನನ್ನ ನಾಲಿಗೆ ತಡೆಯಲಿಲ್ಲ. ಬಲಹೆಗಲು ಇಳಿಸಿದೆ. ಕಾಕಾನ ದನಿಯಲ್ಲಿ ಕೂಗಿದೆ: "ಹೆಂಗಸರು ಐದು ಮಂದಿ ಹಾಜರ್ ಅದಾರ್ರಿ ಬಾಯಾರ. ಗಂಡ ಹಣ್ಣ ಬಿಡಲಿಲ್ಲಂತ ನಾನ ಮಲಗಿಸೇನ್ರಿ."

ಅಂಗಳಕ್ಕೆ ಅಂಗಳವೇ ಬಿದ್ದು ಬಿದ್ದು ನಕ್ಕಿತು. ಬಾಯಿಯ ಮಗ ಎಲ್ಲರಿಗಿಂತ ಜೋರಾಗಿ ನಕ್ಕ. ಮರ ತೆಗೆಸಿದ್ದೇ ತಾನು ಅನ್ನುವುದು ಅವನಿಗೆ ಮರೆತಿತ್ತು. ಕಾಕಾನೂ ನಕ್ಕ, ಆದರೆ ತಡವಾಗಿ. ಹಣ್ಣು ಸೀಳುತ್ತಿದ್ದವನು ಎದ್ದು ನನ್ನ ಹತ್ತಿರ ಬಂದು, ಕೆಂಪು ಅಂಗೈಯನ್ನು ನನ್ನ ಎದೆಗೆ ಇಟ್ಟು ಮೆಲ್ಲಗೆ ಹೇಳಿದ.

"ಚಲೋ ಮಾಡತಿ. ನನ್ನಕಿಂತ ಚಲೋ ಮಾಡತಿ. ಇಟ್ಕೋ ಈ ದನಿ."

ಹೊಡೆದಿದ್ದರೆ ತಪ್ಪಿಸಿಕೊಳ್ಳುತ್ತಿದ್ದೆ.

ಸಸಿ ಹಂಚಿ ಮುಗಿದ ಮೇಲೆ ಒಂದು ಉಳಿಯಿತು, ನನ್ನ ಬೆರಳಿನಷ್ಟು ಉದ್ದದ್ದು. ಕಾಕಾ ಅದನ್ನು ಕೇಳಿದ. ಕಡಿದ ಬೊಡ್ಡೆಯ ಪಕ್ಕದಲ್ಲೇ ನೆಡುತ್ತೇನೆ ಅಂದ. ಬಾಯಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ನೆಡು. ಗಂಡು ಆಗಲಿಲ್ಲಂದ್ರ ಆ ಜಾಗಾದಾಗ ನಿನ್ನ ನಿಲ್ಲಸ್ತೇನಿ."

ಬೀಜದಿಂದ ಬಂದ ಭಿರಂಡ ಗಂಡೋ ಹೆಣ್ಣೋ ಎಂದು ಅದು ಹೂ ಬಿಡುವ ತನಕ ಯಾರೂ ಹೇಳಲಾರರು. ಅದಕ್ಕೆ ಏಳೆಂಟು ವರ್ಷ ಬೇಕು. ವಾಡೆಯವರೆಲ್ಲ ತಮ್ಮ ಸಸಿ ಹಣ್ಣು ಬಿಡಲೆಂದು ಬೇಡಿಕೊಂಡರೆ, ಕಾಕಾ ಒಬ್ಬನೇ ತನ್ನದು ಬಿಡದಿರಲೆಂದು ಹರಕೆ ಹೊತ್ತ. ಅಕ್ಕಿ ತೊಳೆದ ನೀರನ್ನು ಚಾಳಿನ ಎಲ್ಲ ಮನೆಗಳಿಂದ ಎತ್ತಿ ತಂದು ಸುರಿದ. ಲಾರಿ ಹಿಂದಕ್ಕೆ ಬಂದಾಗ ತಾಗಬಾರದೆಂದು ಜಂಬಿಟ್ಟಿಗೆಯ ಕಲ್ಲು ನೆಟ್ಟ, ಅದಕ್ಕೆ ಸುಣ್ಣ ಬಳಿದ. ಒಮ್ಮೆ ಲಾರಿ ಆ ಕಲ್ಲಿಗೆ ಗುದ್ದಿ ದೀಪ ಒಡೆಯಿತು. ಬೈಗುಳ ತಿಂದು, ಕಲ್ಲನ್ನು ಇನ್ನೊಂದು ಗೇಣು ಆಳಕ್ಕೆ ಹೂತ.

ಅವ್ವ ಕಾಡಿಸುತ್ತಿದ್ದಳು. "ಏನೋ ಯಪ್ಪಾ, ಮೂರು ಹೆಣ್ಣ ಹುಟ್ಟಿದಾಗ ಪೇಢಾ ಹಂಚಿದಾಂವ, ಈಗ ಗಂಡಿನ ಆಸೆ ಹಚ್ಚಿಕೊಂಡಿ?"

"ಅವು ನನ್ನ ಮಕ್ಕಳವಾ. ಇದು ಮಂದಿ ಮನೀದು. ತಗೊಂಡದ್ದ ತಿರುಗಿ ಕೊಡಬೇಕಲ್ಲ."

ಕೆಲಸದ ರೀತಿಯೂ ಬದಲಾಯಿತು. ಯಾರಾದರೂ ಮರ ತೆಗಿ ಅಂದರೆ, "ಒಂದ ವರ್ಷ ನೋಡೂಣ್ರಿ, ಅದರದೇನ ಕೆಲಸೈತೋ ನಮಗೇನ ಗೊತ್ತು" ಅನ್ನುತ್ತಿದ್ದ. ಮರ ಕಡಿಯುವವನು ಹೀಗಂದರೆ ಹೊಟ್ಟೆ ತುಂಬುತ್ತದೆಯೇ? ಟೊಂಗೆ ಇಳಿಸುವುದು, ಬೇಲಿ ಕಟ್ಟುವುದು, ಹೀಗೆ ನಡೆಸಿದ. ಪ್ರತಿ ಹಬ್ಬದಲ್ಲೂ ಬಾಯಿಯ ಮನೆಯ ಸರದಿಗೆ ಅಂಗಳ ಕಾಯುತ್ತಿತ್ತು. ನಾನು ನನ್ನ ಸ್ವಂತ ದನಿಯಲ್ಲಿ, "ಐದು, ಮತ್ತೊಂದು ಸಸಿ" ಅಂದು ಮುಂದೆ ಹೋಗುತ್ತಿದ್ದೆ. ಜನಕ್ಕೆ ನಿರಾಸೆ. ಕಾಕಾ ಮಾತ್ರ ಸಸಿ ಅಂದಾಗ ಕೂತಲ್ಲೇ ನೆಟ್ಟಗಾಗುತ್ತಿದ್ದ.

ಸಸಿ ಅವನ ಎದೆಯೆತ್ತರ ದಾಟಿದ ವರ್ಷ ಮೊಣಕಾಲು ಕೈಕೊಟ್ಟವು. ದೊಡ್ಡ ಮಗಳು ಬಂದು ಊರಿಗೆ ಕರೆದುಕೊಂಡು ಹೋದಳು. ಅಲ್ಲಿಂದ ಫೋನು ಮಾಡಿದಾಗೆಲ್ಲ ಮೊದಲ ಮಾತು, "ಹೂ ಬಂತನ?" ಎರಡು ವರ್ಷ ಇಲ್ಲ, ಇಲ್ಲ ಅಂದೆ. ಆಮೇಲೊಂದು ದಿನ ಆ ನಂಬರಿನಿಂದ ಮಗಳ ದನಿ ಬಂತು, ಅಪ್ಪ ಹೋದ ಅಂತ... ನಾನು ಎಲ್ಲರ ದನಿ ಹಿಡಿಯುವವನು, ಅದನ್ನು ಹಿಡಿಯಲಿಲ್ಲ.

ಈ ಚಳಿಗಾಲದಲ್ಲಿ ಆ ಮರಕ್ಕೆ ಮೊದಲ ಸಲ ಗೊಂಚಲು ಗೊಂಚಲು ಹಳದಿ ಹೂ ಬಂದವು. ಬರೀ ಹೂ ನೋಡಿ ನಂಬದೆ, ಬಾಯಿ ಹಣ್ಣಿನ ಕಾಲದ ತನಕ ಕಾದಳು. ನಾನು ಮಡಗಾಂವಿನ ಮೊಬೈಲ್ ಅಂಗಡಿಗೆ ಎರಡು ದಿನ ರಜೆ ಹಾಕಿ ಹಬ್ಬಕ್ಕೆ ಹೋದೆ. ಟ್ರಂಕಿನ ಅಂಗಿ ತೊಟ್ಟೆ, ಗುಂಡಿ ಹಾಕಲು ಹೊಟ್ಟೆ ಒಪ್ಪಲಿಲ್ಲ. ಹಬ್ಬಕ್ಕೆ ಮೊದಲು ನಾನೂ ಬಾಯಿಯೂ ಹಿತ್ತಲಿಗೆ ಹೋಗಿ ಆ ಮರದ ಟೊಂಗೆ ಟೊಂಗೆ ಹುಡುಕಿದೆವು. ಉಳಿದ ಐದರಲ್ಲಿ ಈ ಸಲ ಹಣ್ಣು ಹೆಚ್ಚಿತ್ತೋ, ನಮ್ಮ ಕಣ್ಣಿಗೆ ಹಾಗೆ ಕಂಡಿತೋ ಹೇಳಲಾರೆ.

ಹಾಜರಿಯಲ್ಲಿ ಬಾಯಿಯ ಮನೆಯ ಸರದಿ ಬಂತು. ಅವಳು ಮುಂದಿನ ಸಾಲಿನಿಂದ ಅಂದಳು, "ಅವನ ದನಿಯಾಗ ಹೇಳೋ."

ಬಲಹೆಗಲು ಇಳಿಸಿದೆ. ಎಂಟು ವರ್ಷ ಬಳಸದ ದನಿ, ಇಟ್ಟಲ್ಲೇ ಇತ್ತು.

"ಆರು ಹಾಜರ್ ಅದಾವ್ರಿ ಬಾಯಾರ. ಹೊಸಾದರಾಗ ಹಣ್ಣಿಲ್ರಿ. ನೋಡೇನಿ... ಒಂದೂ ಇಲ್ಲ."

ಈ ಸಲ ಯಾರೂ ನಗಲಿಲ್ಲ.